ಹುಲಿಗೆಮ್ಮನ ನಾಲ್ಕು ನಿಮಿಷ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಇಟ್ಟಿಗಿಯಿಂದ ಮೂರು ಮೈಲಿ ಒಳಗಿದ್ದ ಒಂದು ಸಣ್ಣ ಊರಿನಲ್ಲಿ, ನಮ್ಮ ಮನೆಯ ಪಡಸಾಲೆಯ ಕಿಟಕಿಯ ಒಳಬದಿಗೆ, ಜೋಳದ ಚೀಲದ ಪಕ್ಕದಲ್ಲಿ ನಿಂತಿದ್ದೆ. ಯುಗಾದಿಯ ದಿನ. ಬೆಳಿಗ್ಗೆ ಹನ್ನೊಂದು ದಾಟಿ ಕೆಲವು ನಿಮಿಷಗಳಾಗಿದ್ದವು. ನನಗೆ ಹನ್ನೆರಡು ವರ್ಷ ತುಂಬಿತ್ತು. ಆದ್ದರಿಂದ ತಿಳಿಯದೆ ಮಾಡಿದೆ ಎನ್ನುವಂತಿಲ್ಲ.

ಕಿಟಕಿಯ ಹಲಗೆಯ ಮೇಲೆ ರೇಡಿಯೋ ಇತ್ತು. ಮುಖ ಅಂಗಳದ ಕಡೆಗೆ, ಬೆನ್ನು ನನ್ನ ಕಡೆಗೆ. ಸ್ಟೇಷನ್ ಹಿಡಿಯುವ ತಿರುಗಣಿ ಅದರ ಪಕ್ಕೆಯಲ್ಲಿತ್ತು, ನನ್ನ ಎಡಗೈಗೆ ಸಿಗುವಂತೆ.

ಆ ದಿನಗಳಲ್ಲಿ ನಮ್ಮೂರಿನಲ್ಲಿ ಇದ್ದದ್ದು ಮೂರೋ ನಾಲ್ಕೋ ರೇಡಿಯೋ. ಜನ ಬಂದು ಕೇಳುತ್ತಿದ್ದದ್ದು ಮಾತ್ರ ನಮ್ಮದನ್ನೇ, ಯಾಕೆಂದರೆ ಅಪ್ಪ ಊರ ಶಾಲೆಯ ಮಾಸ್ತರರು. ಸೆಲ್ಲು ಇಳಿದರೆ ಅವ್ವ ಅವುಗಳನ್ನು ತೆಗೆದು ಸಂಡಿಗೆಯ ಪಕ್ಕದಲ್ಲಿ ಬಿಸಿಲಿಗೆ ಇಡುತ್ತಿದ್ದಳು. ಬಿಸಿಯಾದ ಸೆಲ್ಲು ಇನ್ನೊಂದು ಗಂಟೆ ದುಡಿಯುತ್ತಿತ್ತು. ರೇಡಿಯೋ ಹಚ್ಚುವುದು, ತಿರುವುವುದು, ಆರಿಸುವುದು ನನ್ನ ಕೆಲಸ. ಆ ಅಧಿಕಾರವನ್ನು ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಆ ವರ್ಷ ಹಬ್ಬಕ್ಕೆ ಮುಂಚೆ ರೇಡಿಯೋದಲ್ಲಿ ದಿನಾ ಒಂದು ಪ್ರಕಟಣೆ ಬರುತ್ತಿತ್ತು. ಯುಗಾದಿಯ ದಿನ ಬೆಳಗಿನಿಂದ ಸಂಜೆಯವರೆಗೆ ಬರೀ ಮಾತಿನ ಕಾರ್ಯಕ್ರಮಗಳು. ಒಂದು ಹಾಡೂ ಇಲ್ಲ. ಮಾತನಾಡುವವರು ದೊಡ್ಡವರಲ್ಲ, ನಮ್ಮ ಸುತ್ತಿನ ತಾಲ್ಲೂಕುಗಳ ಜನ. ಹಲವಾಗಲಿನ ಅಂಬಿಗರು, ಕೂಡ್ಲಿಗಿ ಕಡೆಯ ಸೂಲಗಿತ್ತಿ, ನೀಲಗುಂದದ ಕಲ್ಲುಕೆಲಸದವರು. ಹನ್ನೊಂದು ಗಂಟೆಗೆ ಶಾಲೆಯ ಮಕ್ಕಳು.

ಆ ಮಕ್ಕಳಲ್ಲಿ ಒಬ್ಬಳು ನಮ್ಮ ತರಗತಿಯ ಹುಲಿಗೆಮ್ಮ. ಅವಳ ಜಾಗದಲ್ಲಿ ನಾನು ಇರಬೇಕಿತ್ತು ಎಂದು ನಂಬಿದ್ದೆ.

ಹಬ್ಬಕ್ಕೆ ಒಂದು ತಿಂಗಳ ಮೊದಲು ರೇಡಿಯೋದವರು ಜೀಪಿನಲ್ಲಿ ಶಾಲೆಗೆ ಬಂದಿದ್ದರು. ಒಬ್ಬ ಹೆಂಗಸು, ಟೇಪ್ ರೆಕಾರ್ಡರ್ ಹಿಡಿದ ಒಬ್ಬ ಗಂಡಸು. ಅಪ್ಪ ನನಗೆ ಎರಡು ಪುಟ ಬರೆದು ಬಾಯಿಪಾಠ ಮಾಡಿಸಿದ್ದರು. ನಾನು ಮುಂದೆ ಹೋಗಿ ಕೈಕಟ್ಟಿ ನಿಂತು, "ಪ್ರಕೃತಿಮಾತೆಯ ಮಡಿಲಲ್ಲಿ ಕಂಗೊಳಿಸುತ್ತಿರುವ ನಮ್ಮ ಗ್ರಾಮವು" ಎಂದು ಶುರುಮಾಡಿದೆ. ಎರಡನೆಯ ವಾಕ್ಯಕ್ಕೇ ಆಕೆ ಕೈ ಎತ್ತಿದರು.

"ಬರೆದದ್ದು ಬೇಡ ಮರಿ. ಹಬ್ಬಕ್ಕೆ ನಿಮ್ಮ ಮನೇಲಿ ಏನು ಮಾಡ್ತೀರಿ, ಅದನ್ನ ಹೇಳು."

"ಹೋಳಿಗೆ" ಎಂದೆ. ಮುಂದೆ ಏನೂ ಹೊಳೆಯಲಿಲ್ಲ. ಹುಡುಗರು ನಕ್ಕರು. ಅಪ್ಪ ಕಿಟಕಿಯ ಹೊರಗೆ ನೋಡಿದರು.

ಆಕೆ ಕೊನೆಯ ಸಾಲಿಗೆ ಹೋಗಿ ಹುಲಿಗೆಮ್ಮನ ಪಕ್ಕ ನೆಲದ ಮೇಲೆ ಕುಳಿತರು. ಹುಲಿಗೆಮ್ಮ ತರಗತಿಯಲ್ಲಿ ಹಾಜರಿ ಹೇಳುವಾಗಲೂ ತಲೆ ತಗ್ಗಿಸಿಯೇ ಹೇಳುವವಳು. ಅವಳ ಅಪ್ಪ ದುರುಗಪ್ಪ ಇಟ್ಟಿಗಿಯ ಗೋದಾಮಿನಲ್ಲಿ ಚೀಲ ಹೊರುತ್ತಿದ್ದ. ಊರಾಚೆಯ ಕೇರಿ ಅವರದು. ಆಕೆ ಏನು ಕೇಳಿದರೋ ನನಗೆ ಕೇಳಿಸಲಿಲ್ಲ. ಆದರೆ ಹುಲಿಗೆಮ್ಮ ಹೇಳಿದ್ದೆಲ್ಲ ಕೇಳಿಸಿತು. ಅಪ್ಪ ಬಾಯಿಪಾಠ ಮಾಡಿಸಿದ್ದನ್ನು ವಾರದೊಳಗೆ ಮರೆತ ನಾನು ಇದನ್ನು ಇವತ್ತಿಗೂ ಮರೆತಿಲ್ಲ.

"ಯುಗಾದಿಗೆ ಹೊಸ ಕೊಡ ತರಬೇಕ್ರಿ. ಕೊಡ ಕಣ್ಣಿಲೆ ನೋಡಿ ತಗೋಬಾರದು, ಕಿವಿಲೆ ಕೇಳಿ ತಗೋಬೇಕು ಅಂತಾಳ್ರಿ ನಮ್ಮಜ್ಜಿ. ಬೆರಳು ಮಡಚಿ ಬಡೀಬೇಕು. ಟಣ್ಣ್ ಅಂದ್ರ ಗಟ್ಟಿ. ಬದ್ ಅಂದ್ರ ಒಳಗ ಎಲ್ಲೋ ಸೀಳೈತಿ ಅಂತ. ನಮ್ಮಪ್ಪ ದಿನಾ ಚೀಲ ಹೊತ್ತು ಬಂದು ಬೋರಲ ಮಕ್ಕೊಂತಾನ್ರಿ. ನಾ ಅವನ ಬೆನ್ನನೂ ಹಂಗ ಬಡದು ನೋಡ್ತೀನಿ, ಅವ ನಿದ್ದಿ ಹತ್ತಿದ ಮ್ಯಾಲೆ. ಇನ್ನಾ ಟಣ್ಣ್ ಅಂತೈತ್ರಿ."

ರೇಡಿಯೋದ ಹೆಂಗಸು ಜೋರಾಗಿ ನಕ್ಕರು. ನಕ್ಕ ಮೇಲೆ ಕಣ್ಣು ಒರೆಸಿಕೊಂಡರು. ಸಂತೆಯ ಕುಂಬಾರರೊಂದಿಗಿನ ಅಜ್ಜಿಯ ಜಗಳವನ್ನು ಹುಲಿಗೆಮ್ಮ ಅಜ್ಜಿಯ ದನಿಯಲ್ಲೇ ಆಡಿ ತೋರಿಸಿದಳು. ನಾಲ್ಕು ನಿಮಿಷ ಆಯಿತು ಎಂದು ಟೇಪಿನವನು ಹೇಳಿದ.

ಅದು ಏಳನೇ ತರಗತಿಯ ಕೊನೆ. ಮುಂದೆ ಓದಬೇಕೆಂದರೆ ಹಡಗಲಿಗೆ ಹೋಗಿ ಹಾಸ್ಟೆಲ್ಲಿನಲ್ಲಿ ಇರಬೇಕು. ಹುಲಿಗೆಮ್ಮನನ್ನು ಕಳಿಸು ಎಂದು ಅಪ್ಪ ದುರುಗಪ್ಪನಿಗೆ ಎರಡು ಸಲ ಹೇಳಿದ್ದರು. ಅವನು ಒಲ್ಲೆ ಎನ್ನಲಿಲ್ಲ. ಅವನ ಹೆದರಿಕೆ ಬೇರೆಯೇ ಇತ್ತು. ಅದನ್ನು ಅವನು ನಮ್ಮ ಅಂಗಳದಲ್ಲಿ ನಿಂತು ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ಮನ್ಯಾಗ ಬಾಯಿ ಬಿಚ್ಚಂಗಿಲ್ರಿ ಮಾಸ್ತರ. ಸಾರಿಗಿ ಉಪ್ಪಿಲ್ಲಂದ್ರೂ ಸುಮ್ಕ ಉಂಡು ಏಳಾಕಿ. ಹಾಸ್ಟೆಲ್ಲಿನ್ಯಾಗ ಯಾರರ ಏನರ ಅಂದ್ರ ತಿರುಗಿ ಅನ್ನಾಕ ಬರಬೇಕಲ್ರಿ?"

"ಏ, ರೇಡಿಯೋದವರ ಮುಂದ ಪಟಪಟ ಮಾತಾಡ್ಯಾಳಪಾ ನಿನ್ನ ಮಗಳು!"

"ಯಾರು, ನಮ್ಮ ಹುಲಿಗಿನಾ?"

"ಯುಗಾದಿ ದಿನ ಬಂದು ನಿನ್ನ ಕಿವಿಲೆ ಕೇಳು. ಕೇಳಿ ಆಮ್ಯಾಲೆ ಹೇಳು."

"ಆತ್ರಿ. ಕೇಳಿ ಹೇಳ್ತೀನಿ."

ಹಬ್ಬದ ಬೆಳಿಗ್ಗೆ ಎಣ್ಣೆ ನೀರು ಹಾಕಿಕೊಂಡು ಹೊರಗೆ ಬಂದಾಗ ಮನೆಯೆಲ್ಲ ಹುರಿದ ಗಸಗಸೆಯ ವಾಸನೆ. ಅವ್ವ ಪುಟಾಣಿ ಹಿಟ್ಟು, ಬೆಲ್ಲ, ಒಣಕೊಬ್ಬರಿ ಕಲೆಸಿ, ಮೇಲೆ ಬೇವಿನ ಹೂ ಉದುರಿಸಿ ದೊಡ್ಡ ಪರಾತದಲ್ಲಿ ಇಟ್ಟಿದ್ದಳು. ಒಲೆಯ ಮೇಲೆ ಶಾವಿಗೆ ಬೇಯುತ್ತಿತ್ತು. ಯುಗಾದಿಯ ದಿನ ನಮ್ಮ ಕಡೆ ಒಂದು ಮಾತಿದೆ: ಅವತ್ತು ಅತ್ತವರು ವರ್ಷವೆಲ್ಲ ಅಳುತ್ತಾರೆ, ಬೈಸಿಕೊಂಡವರು ವರ್ಷವೆಲ್ಲ ಬೈಸಿಕೊಳ್ಳುತ್ತಾರೆ. ಹಾಗಾಗಿ ಅವತ್ತು ಏನು ಮಾಡಿದರೂ ಮಕ್ಕಳ ಮೇಲೆ ಕೈ ಎತ್ತುವುದಿಲ್ಲ, ಗಟ್ಟಿಯಾಗಿ ಗದರುವುದೂ ಇಲ್ಲ. ಇದು ಮಕ್ಕಳೆಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಹತ್ತು ಗಂಟೆಯ ಹೊತ್ತಿಗೆ ಅಂಗಳ ತುಂಬಿತು. ಊರಿನವರು ಬಾಗಿಲ ಪಕ್ಕದ ಕಟ್ಟೆಯ ಮೇಲೆ, ಕೇರಿಯವರು ಅಂಗಳದಲ್ಲಿ. ಯಾರೂ ಯಾರಿಗೂ ಜಾಗ ತೋರಿಸಬೇಕಾಗಿರಲಿಲ್ಲ. ಕಟ್ಟೆಯ ಕೊನೆಗೆ ಖಾಜಾಸಾಬ ಕುಳಿತು ಶಾವಿಗೆ ಉಣ್ಣುತ್ತಿದ್ದ. ಅವನು ಕೊಟ್ಟೂರಿನಿಂದ ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ತಿರುಗಿ ಗಡಿಯಾರ, ರೇಡಿಯೋ ರಿಪೇರಿ ಮಾಡುವವನು. ಹಬ್ಬಕ್ಕೆ ಬಾ ಎಂದು ಅಪ್ಪ ಕರೆದಿದ್ದರು.

ಈರಜ್ಜ ಎಂಬ ಮುದುಕ ಆಗಲೇ ಬೇಸತ್ತಿದ್ದ. "ಏನ್ರೀ ಮಾಸ್ತರ, ಹಬ್ಬದ ದಿನ ಒಂದು ಹಾಡಿಲ್ಲ, ಬರೇ ಮಾತು! ಮನ್ಯಾಗ ನನ್ನ ಹೇಣ್ತಿ ಒಬ್ಬಾಕಿ ಸಾಲಲಿಲ್ಲೇನು?"

ಅವ್ವ ಒಳಗಿನಿಂದಲೇ ಅಂದಳು: "ಇದನ್ನ ತಿರುವಿದ್ರ ಬಾಯಿ ಮುಚ್ಚತೈತಿ ಈರಜ್ಜ. ನಿನ್ನ ಹೇಣ್ತಿಗೆ ಅಂಥ ತಿರುಗಣಿ ಇಟ್ಟಿಲ್ಲ ದೇವ್ರು."

ಎಲ್ಲರೂ ನಕ್ಕರು. ದುರುಗಪ್ಪ ಮಾತ್ರ ನಗದೆ ರೇಡಿಯೋವನ್ನೇ ನೋಡುತ್ತಿದ್ದ. ತೊಳೆದು ಬಿಳುಪು ಮಾಡಿದ ಅಂಗಿ ಹಾಕಿ, ಮೊಣಕಾಲುಗಳನ್ನು ಕೈಯಲ್ಲಿ ಬಳಸಿ, ಎಲ್ಲರಿಗಿಂತ ಮುಂದೆ ಕುಳಿತಿದ್ದ. ಪಕ್ಕದಲ್ಲಿ ಅವನ ಹೆಂಡತಿ. ಹುಲಿಗೆಮ್ಮ ಅವರ ಹಿಂದೆ ಎಲ್ಲೋ ಇರಬೇಕೆಂದು ನಾನು ತಿಳಿದಿದ್ದೆ.

ಹನ್ನೊಂದಾಯಿತು. ಕೂಡ್ಲಿಗಿಯ ಒಬ್ಬ ಹುಡುಗ ಮಾತನಾಡಿ ಮುಗಿಸಿದ. ಆಮೇಲೆ ರೇಡಿಯೋ ಹೇಳಿತು: "ಈಗ ಹಡಗಲಿ ತಾಲ್ಲೂಕಿನಿಂದ ಏಳನೇ ತರಗತಿಯ ಹುಲಿಗೆಮ್ಮ."

ದುರುಗಪ್ಪ ಬೆನ್ನು ನೇರ ಮಾಡಿದ. ಅಂಗಳ ಎಷ್ಟು ಸುಮ್ಮನಾಯಿತೆಂದರೆ ಒಳಗೆ ಶಾವಿಗೆ ಕುದಿಯುವುದು ಕೇಳಿಸುತ್ತಿತ್ತು. ಹೆಸರು ಹೇಳಿದ್ದಕ್ಕೂ ಅವಳ ದನಿ ಬರುವುದಕ್ಕೂ ನಡುವೆ ಒಂದು ಉಸಿರಿನಷ್ಟು ಬಿಡುವು ಇತ್ತು. ಆ ಬಿಡುವಿನಲ್ಲಿ ನನ್ನ ಎಡಗೈ ತಿರುಗಣಿಯನ್ನು ತಿರುಗಿಸಿತು.

ಕೈ ಜಾರಿತು ಎಂದು ನಾನು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಜಾರಲಿಲ್ಲ. ಕೈ ತಿರುಗಿಸಿತು ಎಂದು ಈಗ ಬರೆದದ್ದೂ ತಪ್ಪೇ. ನಾನು ತಿರುಗಿಸಿದೆ.

ನಮ್ಮ ಸ್ಟೇಷನ್ನಿನ ಮಗ್ಗುಲಲ್ಲೇ ಒಂದು ತೆಲುಗು ಸ್ಟೇಷನ್ನು ಇತ್ತು. ಕೂದಲೆಳೆಯಷ್ಟು ಸರಿದರೆ ಸಾಕು, ಅದು ಬಂದು ಕೂರುತ್ತಿತ್ತು. ಯಾರೋ ಗಂಡಸು ತೆಲುಗಿನಲ್ಲಿ ಗಟ್ಟಿಯಾಗಿ ಮಾತನಾಡತೊಡಗಿದ.

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಈರಜ್ಜ ಅಂದ: "ಏ ದುರುಗಾ, ನಿನ್ನ ಮಗಳು ತೆಲುಗು ಯಾವಾಗ ಕಲ್ತಳಲೇ? ಮೀಸಿನೂ ಬಂದಂಗ ಕಾಣತಾವ!"

ಕಟ್ಟೆಯೆಲ್ಲ ನಕ್ಕಿತು. ಅಂಗಳದವರೂ ನಕ್ಕರು. ದುರುಗಪ್ಪನೂ ನಕ್ಕ. ಕಟ್ಟೆಯವರು ನಕ್ಕಾಗ ನಗಬೇಕು ಎಂಬಂತೆ ನಕ್ಕ.

"ಏ, ಸರಿ ಮಾಡೋ, ಲಗೂನ!" ಎಂದು ಅಪ್ಪ ಕಟ್ಟೆಯಿಂದ ಕೂಗಿದರು.

ಇಲ್ಲಿಗೆ ನಿಲ್ಲಿಸಬಹುದಿತ್ತು. ತಿರುಗಣಿಯನ್ನು ಹಿಂದಕ್ಕೆ ತಿರುಗಿಸಿದೆ. ನಡುವೆ "ನಮ್ಮಜ್ಜಿ" ಎಂಬ ಒಂದೇ ಮಾತು, ಅವಳ ದನಿ, ಬಂತು. ದುರುಗಪ್ಪ ಕತ್ತು ಮುಂದೆ ಮಾಡಿದ. ನಾನು ನಿಲ್ಲಿಸದೆ ಅದನ್ನು ದಾಟಿಸಿ, ಆಚೆ ಬರೀ ಸುಂಯ್ ಎನ್ನುವ ಜಾಗಕ್ಕೆ ಒಯ್ದೆ. ಮೊದಲ ಸಲ ತಿರುಗಿಸಿದ್ದು ಹೊಟ್ಟೆಕಿಚ್ಚಿನಿಂದ. ಎರಡನೆಯದಕ್ಕೆ ನನ್ನ ಹತ್ತಿರ ಹೆಸರಿಲ್ಲ. ಅವಳು ಮುಂದೆ ಏನು ಹೇಳುತ್ತಾಳೆಂದು, ಯಾರ ಬೆನ್ನಿನ ಬಗ್ಗೆ ಹೇಳುತ್ತಾಳೆಂದು ಆ ಅಂಗಳದಲ್ಲಿ ಚೆನ್ನಾಗಿ ಗೊತ್ತಿದ್ದವನು ನಾನು.

"ತಿರುವಲೇ ಇತ್ತಾಗ!" "ಸೆಲ್ ಹೋಗ್ಯಾವೇನೋ ನೋಡು." "ಮ್ಯಾಲೆ ಒಂದು ಗುದ್ದು ಹಾಕು, ಬರತೈತಿ." ಎಲ್ಲರೂ ಒಂದೊಂದು ಹೇಳಿದರು. ನಾನು ಹುಡುಕುತ್ತಿರುವವನಂತೆ ಅತ್ತ ಇತ್ತ ತಿರುವುತ್ತ, ನಮ್ಮ ಸ್ಟೇಷನ್ನನ್ನು ಮಾತ್ರ ತಪ್ಪಿಸುತ್ತ ಇದ್ದೆ. ಬೆವರು ಮಾತ್ರ ನಿಜವಾಗಿಯೇ ಬಂದಿತ್ತು.

ಕೊನೆಗೆ ಖಾಜಾಸಾಬ ಎದ್ದ. ಕೈ ಒರೆಸಿಕೊಂಡು ಕಿಟಕಿಯ ಹತ್ತಿರ ಬಂದು ರೇಡಿಯೋದ ಮುಖ ನೋಡಿದ. ಸ್ಟೇಷನ್ ತೋರಿಸುವ ಮುಳ್ಳು ಅವನ ಕಡೆಗಿತ್ತು. ಕಿಟಕಿಯ ಸರಳುಗಳ ನಡುವೆ ಎರಡು ಬೆರಳು ಹಾಕಿ ತಿರುಗಣಿಯನ್ನು ನನ್ನ ಕೈಯಿಂದ ತೆಗೆದುಕೊಂಡ. ಒಂದೇ ಸಲಕ್ಕೆ ಸ್ಟೇಷನ್ನು ಬಂತು.

"ಇದುವರೆಗೆ ಹುಲಿಗೆಮ್ಮ ಮಾತನಾಡಿದಳು" ಎಂದಿತು ರೇಡಿಯೋ.

"ಏನಾಗಿತ್ತೋ ಖಾಜಾ?" ಎಂದರು ಅಪ್ಪ.

ಖಾಜಾಸಾಬ ಸರಳುಗಳ ನಡುವಿನಿಂದ ನನ್ನನ್ನು ನೋಡಿದ. ಆಮೇಲೆ ತಿರುಗಿ, "ಏನಿಲ್ರೀ ಮಾಸ್ತರ. ಒಮ್ಮೊಮ್ಮಿ ಸ್ಟೇಷನ್ನ ಜಾರಿ ಬಿಡತೈತ್ರಿ. ಹುಡುಗ ಏನ್ ಮಾಡ್ತಾನ ಪಾಪ" ಎಂದ. ಅವನು ಹೇಳಿದ ಮೇಲೆ ಮುಗಿಯಿತು. ರೇಡಿಯೋದ ವಿಷಯದಲ್ಲಿ ಅವನ ಮಾತೇ ಕೊನೆಯದು.

ಹುಲಿಗೆಮ್ಮನ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಪಕ್ಕದವಳು ಅವಳ ಭುಜ ಅಲ್ಲಾಡಿಸಿದಳು: "ಏ, ಹಬ್ಬದ ದಿನ ಕಣ್ಣಾಗ ನೀರು ತರಬಾರದವ್ವಾ. ನುಂಗು." ಅವಳು ನುಂಗಿದಳು.

"ಹೆಸರಂತೂ ಬಂತಲ್ರಿ. ಸಾಕು ಬಿಡ್ರಿ" ಎಂದು ದುರುಗಪ್ಪ ಎದ್ದು ನಿಂತ. ಅವ್ವ ಪರಾತ ತಂದು ಅವರೆಲ್ಲರ ಬೊಗಸೆಗೆ, ಕೈ ತಾಗದಂತೆ ಮೇಲಿನಿಂದ, ಬೇವು-ಬೆಲ್ಲ ಹಾಕಿದಳು. ಅವರು ತಿನ್ನುತ್ತ ಹೋದರು.

ಸೈಕಲ್ ಹತ್ತುವ ಮೊದಲು ಖಾಜಾಸಾಬ ಹಿತ್ತಿಲಿಗೆ ಬಂದ. ನಾನು ಅಲ್ಲಿ ಬಾವಿಯ ಕಟ್ಟೆಗೆ ಒರಗಿ ನಿಂತಿದ್ದೆ.

"ಬೇಟಾ, ಮುಳ್ಳು ಎಲ್ಲಿತ್ತು ಅಂತ ನಾ ನೋಡೀನಿ. ಇವತ್ತ ಹಬ್ಬ. ಇವತ್ತ ಯಾರೂ ಯಾರಿಗೂ ಏನೂ ಅನ್ನಂಗಿಲ್ಲ. ಅದಕ್ಕ ಸುಮ್ಮನಾದೆ. ನಾಳಿ ಹೋಗಿ ದುರುಗಪ್ಪಗ ಹೇಳಿಬಿಡು. ನಿನ್ನ ಮಗಳು ಚೊಲೋ ಮಾತಾಡಿದ್ಳು, ನಾನ ಕೆಡಿಸಿದೆ ಅನ್ನು. ಅಷ್ಟ ಸಾಕು. ಹೇಳ್ತಿ ಹೌದಲ್ಲೋ?"

ತಲೆ ಆಡಿಸಿದೆ. ಅವನು ಅದನ್ನು ನಂಬಿದ.

ಮರುದಿನ ಹೋದೆ. ಇದು ಸುಳ್ಳಲ್ಲ. ದುರುಗಪ್ಪ ಗುಡಿಸಲ ಮುಂದೆ ಕುಳಿತು, ಚೀಲ ಹೊರುವಾಗ ತಲೆಗೆ ಇಟ್ಟುಕೊಳ್ಳುವ ಸಿಂಬಿ ಹೊಲಿಯುತ್ತಿದ್ದ. ನನ್ನನ್ನು ಕಂಡು ಗಡಬಡಿಸಿ ಎದ್ದ. "ಏನ್ರೀ ಸಣ್ಣ ಮಾಸ್ತರ, ಇತ್ಲಾಗ ಬಂದೀರಿ? ಅಪ್ಪಾರು ಕರದ್ರೇನು?"

ಹನ್ನೆರಡು ವರ್ಷದ ನನಗೆ ಅವನು ಎದ್ದು ನಿಂತ. ಅದನ್ನು ನೋಡಿದ ಮೇಲೆ ನನಗೆ ಮಾತು ಇನ್ನಷ್ಟು ಕಷ್ಟವಾಯಿತು ಎಂದರೆ ಅದೂ ಒಂದು ನೆಪವೇ.

"ಏನಿಲ್ಲ" ಎಂದು ತಿರುಗಿ ಬಂದೆ.

ಅಪ್ಪ ರೇಡಿಯೋದವರಿಗೆ ಕಾಗದ ಬರೆದರು. ಆ ಟೇಪಿನ ಮೇಲೆ ಬೇರೆ ಕಾರ್ಯಕ್ರಮ ಮುದ್ರಿಸಿ ಆಗಿದೆ ಎಂದು ಉತ್ತರ ಬಂತು. ಆಗ ಅದೇ ರೂಢಿ. ಟೇಪು ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ದುರುಗಪ್ಪ ಬಂದು ಅಂಗಳದಲ್ಲಿ ನಿಂತ. ನಾನು ಕಟ್ಟೆಯ ಮೇಲೆ ಹಡಗಲಿಗೆ ಒಯ್ಯುವ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದೆ.

"ಹುಡುಗಿನ್ನ ಕಳಸಂಗಿಲ್ರಿ ಮಾಸ್ತರ. ಅದಕ್ಕ ಬಾಯಿಲ್ಲ."

"ಎಷ್ಟು ಸಲ ಹೇಳಲೋ ದುರುಗಪ್ಪ? ರೇಡಿಯೋದಾಗ ಮಾತಾಡ್ಯಾಳ. ನಾ ಕಣ್ಣಾರೆ ನೋಡೀನಿ."

"ನೀವು ಹೇಳ್ತೀರಿ, ಖರೇನ ಇರಬೇಕ್ರಿ" ಎಂದ ದುರುಗಪ್ಪ. "ಆದ್ರ ನಾ ಕೇಳಿಲ್ಲಲ್ರಿ."

ನನ್ನ ಕೈಯಲ್ಲಿ ಅಂಟು ಹಚ್ಚಿದ ಕಾಗದವಿತ್ತು. ಅವನು ಕೇಳದೆ ಹೋದದ್ದನ್ನು ಮೊದಲಿನಿಂದ ಕೊನೆಯವರೆಗೆ ಅಲ್ಲಿಯೇ ಒಪ್ಪಿಸಬಹುದಿತ್ತು. ಕಾಗದವನ್ನು ಮಡಚಿ ಪುಸ್ತಕಕ್ಕೆ ಅಂಟಿಸಿದೆ.

ಆ ನಾಲ್ಕು ನಿಮಿಷ ಕೇಳಿದ್ದರೆ ಅವನು ಅವಳನ್ನು ಖಂಡಿತ ಕಳಿಸುತ್ತಿದ್ದ ಎಂದು ನಾನು ಪ್ರಮಾಣ ಮಾಡಲಾರೆ. ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಕೇಳಿ ಹೇಳುತ್ತೇನೆ ಎಂದಿದ್ದ. ಕೇಳುವುದನ್ನು ನಾನು ತಪ್ಪಿಸಿದೆ. ಇಷ್ಟನ್ನು ಪ್ರಮಾಣ ಮಾಡಿ ಹೇಳಬಲ್ಲೆ.

ನಾನು ಓದಿದೆ. ಹರಪನಹಳ್ಳಿಯಲ್ಲಿ ಮೇಷ್ಟ್ರಾಗಿ ಇಪ್ಪತ್ತೆಂಟು ವರ್ಷ ಕಳೆದೆ. ಹೋದ ವರ್ಷ, ಯುಗಾದಿ ಕಳೆದು ಮೂರನೆಯ ದಿನ, ಹಗರಿಬೊಮ್ಮನಹಳ್ಳಿಯಲ್ಲಿ ಹುಲಿಗೆಮ್ಮನ ಮನೆ ಹುಡುಕಿಕೊಂಡು ಹೋದೆ. ಅವಳ ಮಗಳು ಆಸ್ಪತ್ರೆಯಲ್ಲಿ ನರ್ಸು. ಮಗಳ ಮನೆಯಲ್ಲೇ ಇದ್ದಾಳೆ. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ದುರುಗಪ್ಪನ ಸಣ್ಣ ಫೋಟೋ. ಅವನು ತೀರಿಕೊಂಡು ಬಹಳ ವರ್ಷವಾಗಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಷ್ಟು ವರ್ಷ ಹೋಗಿರಲಿಲ್ಲ.

"ಬರ್ರಿ ಸರ್, ಕುಂದರ್ರಿ" ಎಂದು ಕುರ್ಚಿ ಹಾಕಿದಳು. ನಾನು ಕೂರದೆ, "ಹುಲಿಗೆಮ್ಮ, ಆ ಯುಗಾದಿ ದಿನ ರೇಡಿಯೋ" ಎಂದೆ. ಅಷ್ಟೇ ಅಂದದ್ದು.

"ನಾ ನೋಡೀನಿ" ಎಂದಳು.

"ಏನನ್ನ?" ಎಂದೆ.

"ನನ್ನ ದನಿ ಬಂದಾಗ ಎಲ್ಲಾರೂ ನನ್ನ ಮಾರಿ ನೋಡ್ತಾರಂತ ನಾಚಿಕಿ ಆಗಿತ್ತು. ಕಿಟಕಿ ಮಗ್ಗಲಕ ಕಟ್ಟಿಗಿ ಒಟ್ಟಿದ್ರಲ್ಲ, ಅದರ ಹಿಂದ ಅಡಗಿ ನಿಂತಿದ್ನಿ. ನಿನ್ನ ಕೈ ನೋಡಿದ್ನಿ. ಎರಡು ಸಲ ತಿರುವಿದಿ." ಅಲ್ಲಿಯವರೆಗೆ ನೀವು ಎನ್ನುತ್ತಿದ್ದವಳು ನೀನು ಎಂದಳು.

"ಮತ್ತ ಯಾಕ ಹೇಳಲಿಲ್ಲ?"

"ಯಾರಿಗೆ ಹೇಳ್ಲಿ? ನಮ್ಮಪ್ಪಗ ಹೇಳಿದ್ರ ಅವ ಏನ್ ಮಾಡಬೇಕಿತ್ತು? ನಿಮ್ಮ ಅಂಗಳದಾಗ ನಿಂತು ಮಾಸ್ತರ ಮಗ ಹಿಂಗ ಮಾಡ್ಯಾನ ಅನ್ನಬೇಕಿತ್ತಾ? ಅವಗ ಅನ್ನಾಕ ಆಗತಿರಲಿಲ್ಲ. ಮಗಳ ಮುಂದ ಅನ್ನಾಕ ಆಗಲಿಲ್ಲಲ್ಲ ಅಂತ ಅದು ಬ್ಯಾರೆ ಸಂಕಟ. ಬ್ಯಾಡಂತ ಬಿಟ್ನಿ."

ಅವಳಿಗೆ ಬಾಯಿಲ್ಲ ಎಂದು ದುರುಗಪ್ಪ ತಿಳಿದಿದ್ದ. ಹನ್ನೆರಡು ವರ್ಷದ ಹುಡುಗಿ ಅಪ್ಪನ ಮಾನ ಕಾಯಲು ಬಾಯಿ ಮುಚ್ಚಿದ್ದಳು. ಅದರ ಬೆಲೆಯನ್ನು ಅವಳೇ ತೆತ್ತಳು.

ತಪ್ಪಾಯಿತು ಎಂದೆ. ಅವಳು ಫೋಟೋದ ಕಡೆ ನೋಡಿದಳು.

"ಅವ ಇದ್ದಾಗ ಬರಬೇಕಿತ್ತು" ಎಂದಳು. ಆಮೇಲೆ ಎದ್ದು, "ಚಾ ಮಾಡ್ತೀನಿ, ಕುಂದರ್ರಿ ಸರ್" ಎಂದು ಒಳಗೆ ಹೋದಳು. ನಾನು ಅವಳಿಗೆ ಮತ್ತೆ 'ನೀವು' ಆಗಿದ್ದೆ.

ಈಗಿನ ಹಬ್ಬದಲ್ಲಿ ಮಾತಿಗೆ ಕೊರತೆಯಿಲ್ಲ. ಎಲ್ಲರ ಕೈಯಲ್ಲೂ ಮಾತನಾಡುವ ಪೆಟ್ಟಿಗೆ ಇದೆ. ಮಗು ತೊದಲಿದರೂ ಹಿಡಿದಿಡುತ್ತಾರೆ, ಬೇಕಾದಾಗ ಹಿಂದಕ್ಕೆ ಎಳೆದು ಕೇಳುತ್ತ ನಗುತ್ತಾರೆ. ಒಂದು ದನಿ ಒಂದೇ ಸಲ ಬರುತ್ತದೆ, ತಪ್ಪಿದರೆ ತಪ್ಪಿತು ಎಂದು ಗೊತ್ತಿದ್ದು, ಒಂದು ಊರು ಉಸಿರು ಹಿಡಿದು ಕೂರುತ್ತಿದ್ದ ಆ ಮೌನ ಈಗ ಎಲ್ಲೂ ಇಲ್ಲ. ಅಂಥ ಒಂದು ಮೌನ ನನ್ನ ಕೈಗೆ ಬಂದಿತ್ತು. ಅದರೊಳಗಿನ ದನಿಯನ್ನು ಯಾವ ಪೆಟ್ಟಿಗೆಯಿಂದಲೂ ಹಿಂದಕ್ಕೆ ಎಳೆಯಲಾಗುವುದಿಲ್ಲ. ಕೇಳಬೇಕಾದವನು ಕೇಳದೆ ಹೋದ.

ಅಪ್ಪ, ಅವ್ವ, ಈರಜ್ಜ, ದುರುಗಪ್ಪ, ಅವನ ಹೆಂಡತಿ ಈಗ ಇಲ್ಲ. ಅವರಲ್ಲಿ ಯಾರೂ ನನ್ನ ಕೈಯನ್ನು ನೋಡಿರಲಿಲ್ಲ. ನಾನು ಮಾಡಿದ್ದನ್ನು ಕಂಡವರಲ್ಲಿ ಇನ್ನೂ ಬದುಕಿರುವವರು ಇಬ್ಬರು. ಒಬ್ಬ ಖಾಜಾಸಾಬ, ಕೊಟ್ಟೂರು. ಕಣ್ಣು ಮಂಜಾಗಿದೆ, ನೆನಪು ಗಟ್ಟಿಯಾಗಿದೆ. ಮರುದಿನ ನಾನು ಹೇಳಿದೆ ಎಂದೇ ಅವನು ತಿಳಿದಿದ್ದ. ಇಲ್ಲ ಎಂದು ಈಚೆಗೆ ಹೋಗಿ ಹೇಳಿ ಬಂದಿದ್ದೇನೆ. ಇನ್ನೊಬ್ಬಳು ಹುಲಿಗೆಮ್ಮ, ದುರುಗಪ್ಪನ ಮಗಳು, ಹಗರಿಬೊಮ್ಮನಹಳ್ಳಿ.